ಕೆ-20, ಕಾಂಬ್ಯಾಟ್ ಗ್ರಾಫಿಕ್, ಹ್ಯಾಸಲ್‌ಬ್ಲಾಡ್: ಅಗಲ ಫಿಲ್ಮಿನ ಮೂರು ಕ್ಯಾಮೆರಾ, ನಮ್ಮ ಕಡೆಯ ಬಿಸಿಲಲ್ಲಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಗೋಡೆಗೆ ಹಾಕುವಂಥ ಒಂದೇ ಒಂದು ಚಿತ್ರ ಬೇಕಾ? ಎರಡನೇ ಮಹಾಯುದ್ಧದ ವಿಮಾನದ ಕ್ಯಾಮೆರಾ ಕೆ-20. ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಬೇಕಾ? ಕಾಂಬ್ಯಾಟ್ ಗ್ರಾಫಿಕ್. ತಲೆಬಿಸಿ ಬೇಡ, ಅಗಲ ಫಿಲ್ಮ್ ಮಾತ್ರ ಬೇಕು ಅನ್ನುವವರಿಗೆ 70 ಎಂಎಂ ಬ್ಯಾಕ್ (ಹಿಂದೆ ಸಿಕ್ಕಿಸುವ ಫಿಲ್ಮ್ ಪೆಟ್ಟಿಗೆ) ಹಾಕಿದ ಹ್ಯಾಸಲ್‌ಬ್ಲಾಡ್. ಆದರೆ ಮೂರನ್ನೂ ಬಳಸಿದ ಮೇಲೆ ನನಗೆ ಅನಿಸಿದ್ದು ಬೇರೆ. ಕ್ಯಾಮೆರಾ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಫಿಲ್ಮ್ ಎಷ್ಟು ಅಗಲ ಅನ್ನುವುದು ಮೊದಲನೇ ಪ್ರಶ್ನೆ. ಯಾಕೆಂದರೆ ಆ ಫಿಲ್ಮನ್ನು ಕೊನೆಗೆ ತೊಳೆಯಬೇಕಾಗಿರುವುದು ನಮ್ಮ ಬಚ್ಚಲುಮನೆಯಲ್ಲೇ, ನಮ್ಮ ನಲ್ಲಿ ನೀರಲ್ಲೇ.

ಎಲ್ಲರಿಗೂ ಗೊತ್ತಿರುವ 120 ಫಿಲ್ಮ್ ಆರು ಸೆಂಟಿಮೀಟರಿಗಿಂತ ಚೂರು ಜಾಸ್ತಿ ಅಗಲ. ಅದರ ಮೇಲಿನದು 70 ಎಂಎಂ. ಅಲ್ಲಿಂದ ಒಂದೇ ಜಿಗಿತಕ್ಕೆ ಐದೂಕಾಲು ಇಂಚು, ಅಂದರೆ ಹದಿಮೂರು ಸೆಂಟಿಮೀಟರಿನ ಸುರುಳಿ. ವಿಮಾನದಲ್ಲಿ ಕೂತವನು ನಡುದಾರಿಯಲ್ಲಿ ಪದೇ ಪದೇ ರೋಲ್ ಬದಲಿಸುತ್ತ ಕೂರಲು ಆಗುವುದಿಲ್ಲವಲ್ಲ, ಅದಕ್ಕೇ ಇವೆಲ್ಲ ಹತ್ತಾರು ಅಡಿ ಉದ್ದ. 120ರ ಹಾಗೆ ಹಿಂದೆ ಕಾಗದವಿಲ್ಲ, ನಂಬರಿಲ್ಲ.

ಕೆ-20 ವಿಷಯಕ್ಕೆ ಬರೋಣ. ಫೇರ್‌ಚೈಲ್ಡ್ ಕಂಪನಿಯ ವಿನ್ಯಾಸ. 1941ರಿಂದ 1945ರವರೆಗೆ ಅಮೆರಿಕದ ರಾಚೆಸ್ಟರಿನಲ್ಲಿ ಫೋಲ್ಮರ್ ಗ್ರಾಫ್ಲೆಕ್ಸ್‌ನವರು ಸುಮಾರು 15,000 ಮಾಡಿದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಎದ್ದ ಆ ಅಣಬೆ ಮೋಡದ ಚಿತ್ರ ಇದೆಯಲ್ಲ, ಎನೋಲಾ ಗೇ ವಿಮಾನದ ಬಾಲದ ತುದಿಯಲ್ಲಿ ಕೂತಿದ್ದ ಬಾಬ್ ಕ್ಯಾರನ್ ಅದನ್ನು ತೆಗೆದದ್ದು ಕೆ-20ಯಿಂದಲೇ. ಇದನ್ನು ಕೈಗೆತ್ತಿಕೊಂಡಾಗಲೆಲ್ಲ ಆ ಮಾತು ನೆನಪಾಗುತ್ತದೆ, ಏನು ಮಾಡಲಿ.

ತೂಕ ಸುಮಾರು ಐದು ಕೆ.ಜಿ. ಲೆನ್ಸಿನ ಫೋಕಲ್ ಉದ್ದ ಆರೂವರೆ ಇಂಚಿಗಿಂತ ಕೊಂಚ ಕಮ್ಮಿ, ಬೆಳಕಿನ ಕಿಂಡಿ ಪೂರ್ತಿ ತೆರೆದರೆ ಎಫ್/4.5. ಬಿಚ್ಚಿ ಬೇರೆ ಹಾಕುವ ಹಾಗಿಲ್ಲ. ಫೋಕಸ್ ರಿಂಗ್ ಇಲ್ಲವೇ ಇಲ್ಲ, ದಿಗಂತಕ್ಕೆ ಸೆಟ್ ಆಗಿ ಬಂದಿದೆ. ಶಟರ್ ವೇಗ ಮೂರೇ: ಸೆಕೆಂಡಿನ 125, 250, 500ನೇ ಒಂದು ಭಾಗ. ಚಿತ್ರ 4×5 ಇಂಚು. ಇದರ ಚಂದ ಇರುವುದು ವ್ಯಾಕ್ಯೂಮ್‌ನಲ್ಲಿ. ಇಷ್ಟು ಅಗಲದ ಫಿಲ್ಮ್ ಸುಮ್ನೆ ಬಿಟ್ಟರೆ ನಡುವೆ ಉಬ್ಬುತ್ತದೆ, ಉಬ್ಬಿದರೆ ಮೂಲೆಗಳು ಮಬ್ಬಾಗುತ್ತವೆ. ಅದಕ್ಕೆ ಕ್ಯಾಮೆರಾ ತಾನೇ ಗಾಳಿ ಎಳೆದು ಫಿಲ್ಮನ್ನು ಹಿಂದಿನ ಲೋಹದ ಹಲಗೆಗೆ ಅಂಟಿಸಿಕೊಳ್ಳುತ್ತದೆ. ಬ್ಯಾಟರಿ ಇಲ್ಲ, ಎಲ್ಲ ಕೈಬಲದ ಕೆಲಸ. ಎಂಬತ್ತು ವರ್ಷದ ಹಿಂದಿನ ಯಂತ್ರ, ನನ್ನ ಕ್ಯಾಮೆರಾದಲ್ಲಿ ಇವತ್ತಿಗೂ ಅದು ಕೆಲಸ ಮಾಡುತ್ತದೆ. ಮೂಲೆಯಿಂದ ಮೂಲೆಗೆ ಒಂದೇ ಹದದ ಚೂಪು.

ನೃಪತುಂಗ ಬೆಟ್ಟದ ಮೇಲೆ ಇದನ್ನು ಹಿಡಿದು ನಿಂತರೆ ವಾಕಿಂಗ್ ಬಂದವರು ಸುತ್ತ ಸೇರುವುದು ಗ್ಯಾರಂಟಿ. "ಇದು ಸರ್ವೇ ಮಷೀನ್ ಏನ್ರೀ?" ಅಂತ ಒಬ್ಬರು, "ರಸ್ತಾ ಅಗಲ ಮಾಡಾಕ ಬಂದೀರೇನ?" ಅಂತ ಇನ್ನೊಬ್ಬರು. ಒಂದು ಮಾತು ಹೇಳಿಬಿಡುತ್ತೇನೆ, ವಿಮಾನದ ಕ್ಯಾಮೆರಾ ಅಂತ ವಿಮಾನದಲ್ಲಿ ಬಳಸಲು ಹೋಗಬೇಡಿ. ನಮ್ಮ ದೇಶದಲ್ಲಿ ಆಕಾಶದಿಂದ ಫೋಟೋ ತೆಗೆಯಲು ಅನುಮತಿ ಬೇಕು. ಬೆಟ್ಟ ಸಾಕು. ಬೆಳಗಿನ ಹೊತ್ತು ಅಲ್ಲಿಂದ ಹುಬ್ಬಳ್ಳಿ ಪೂರ್ತಿ ಹರಡಿಕೊಂಡಿರುತ್ತದೆ. ಕೆ-20ಯ ನೆಗೆಟಿವ್ ಮೇಲೆ ಭೂತಗನ್ನಡಿ ಇಟ್ಟರೆ ದೂರದ ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕು, ಅದರ ಪಕ್ಕ ಒಣಹಾಕಿದ ಬಟ್ಟೆ, ಬಟ್ಟೆ ಕಟ್ಟಿದ ಹಗ್ಗ ಕೂಡ ಕಾಣುತ್ತದೆ. ಹ್ಯಾಸಲ್‌ಬ್ಲಾಡಿನ ಚೌಕಕ್ಕಿಂತ ನಾಲ್ಕು ಪಟ್ಟು ಜಾಗ ಇರುವ ನೆಗೆಟಿವ್ ಅದು, ಕಾಣದೆ ಏನು?

ಆದರೆ ಹತ್ತಿರದ್ದು? ಮರೆತುಬಿಡಿ. ಎಫ್/8ರಲ್ಲಿ ಮೂವತ್ತು ಮೀಟರಿನ ಒಳಗೆ ಬಂದದ್ದೆಲ್ಲ ಕರಗಲು ಶುರುವಾಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಕೆತ್ತನೆ ಮುಂದೆ ಇದನ್ನು ಹಿಡಿಯುವುದು ಶುದ್ಧ ದಂಡ. ಗುಡಿಯ ಒಳಗಂತೂ ಮಾತೇ ಇಲ್ಲ, 125ಕ್ಕಿಂತ ನಿಧಾನದ ಶಟರ್ ಎಲ್ಲಿದೆ? ಕೆ-20ಗೆ ಬೇಕಾದದ್ದು ಕಪ್ಪತಗುಡ್ಡ. ಡಂಬಳದ ಕಡೆಯಿಂದ ನೋಡಿದರೆ ಗುಡ್ಡದ ಸಾಲು, ಮೇಲೆ ಗಾಳಿಯಂತ್ರಗಳು, ಕೆಳಗೆ ಎರೆಹೊಲ. ಎಲ್ಲವೂ ದೂರ, ಎಲ್ಲವೂ ಬಿಸಿಲಲ್ಲಿ. ಈ ಕ್ಯಾಮೆರಾ ಹುಟ್ಟಿದ್ದೇ ಅದಕ್ಕೆ.

ಕಾಂಬ್ಯಾಟ್ ಗ್ರಾಫಿಕ್ ಪೂರ್ತಿ ಬೇರೆ ಜಾತಿ. ಇದು ನೆಲದ ಮೇಲಿನ ಸೈನಿಕನಿಗೆ ಮಾಡಿದ್ದು, 1950ರ ದಶಕದ್ದು, ಸೈನ್ಯದ ಹೆಸರು ಕೆಇ-4. ಮಾಡಿದವನು ಹ್ಯೂಬರ್ಟ್ ನೆರ್ವಿನ್, ಮೊದಲು ಜರ್ಮನಿಯ ಝೈಸ್ ಇಕಾನ್ ಕಂಪನಿಯಲ್ಲಿ ಕಾಂಟ್ಯಾಕ್ಸ್ ಎಂಬ ಸಣ್ಣ 35 ಎಂಎಂ ಕ್ಯಾಮೆರಾದ ಮೇಲೆ ಕೆಲಸ ಮಾಡಿ, ಯುದ್ಧದ ನಂತರ ಅಮೆರಿಕಕ್ಕೆ ಹೋದವನು. ನೋಡಲು ಕಾಂಟ್ಯಾಕ್ಸ್ ಥರವೇ, ಗಾತ್ರ ಮಾತ್ರ ರಾಕ್ಷಸ. ಅದಕ್ಕೇ "ಗಲಿವರನ ಕಾಂಟ್ಯಾಕ್ಸ್" ಅಂತ ಅಡ್ಡಹೆಸರು. 70 ಎಂಎಂ ಫಿಲ್ಮ್, ಚಿತ್ರ ಹೆಚ್ಚುಕಮ್ಮಿ 6×7 ಸೆಂಟಿಮೀಟರ್. ಹದಿನೈದು ಅಡಿ ತುಂಬಿದರೆ ಐವತ್ತರ ಹತ್ತಿರ ಚಿತ್ರ. ಸಾಮಾನ್ಯ ಲೆನ್ಸ್ 102 ಎಂಎಂ ಎಫ್/2.8 ಎಕ್ಟಾರ್, ಜೊತೆಗೆ ಅಗಲಕ್ಕೆ 64, ದೂರಕ್ಕೆ 205.

ಇದರ ಮಜಾ ಇರುವುದು ಸ್ಪ್ರಿಂಗ್ ಮೋಟರಿನಲ್ಲಿ. ಕೀಲಿ ಕೊಟ್ಟು ಬಿಟ್ಟರೆ ಸಾಕು, ಗುಂಡಿ ಒತ್ತಿದ ಹಾಗೆಲ್ಲ ಫಿಲ್ಮ್ ತಾನೇ ಓಡುತ್ತದೆ. ಕಣ್ಣಿನಿಂದ ಕ್ಯಾಮೆರಾ ಇಳಿಸಬೇಕಿಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಹಿಂಡು ಒಮ್ಮೆಲೇ ಎದ್ದಾಗ ಒಂದರ ಹಿಂದೊಂದು ಚಿತ್ರ ತೆಗೆಯಬಹುದು. ಒಂದೊಂದು ಹಕ್ಕಿಯ ಮುಖ ಬೇಕು ಅಂದರೆ 205 ಲೆನ್ಸ್ ಸಾಲದು, ಈ ಅಳತೆಗೆ ಅದು ಚಿಕ್ಕ ಟೆಲಿ ಅಷ್ಟೇ. ಸದ್ದು ಬೇರೆ ಜೋರು. ಆದರೆ ಲಕ್ಕುಂಡಿಯಲ್ಲಿ, ಎದುರುಬದುರು ನಿಂತ ಎರಡು ಗರ್ಭಗುಡಿಗಳನ್ನು ಪಕ್ಕದಿಂದ ಒಂದೇ ಚಿತ್ರದಲ್ಲಿ ಹಿಡಿಯಲು 64 ಲೆನ್ಸ್‌ನಷ್ಟು ಸಲೀಸಾದದ್ದು ಈ ಮೂರರಲ್ಲಿ ಬೇರೆ ಇಲ್ಲ.

ಇದರ ರಗಳೆ ಅಂದರೆ ರಿಪೇರಿ. ಒಳಗೆ ಗೇರು, ಸ್ಪ್ರಿಂಗು, ಪರದೆ ಎಲ್ಲ ಒತ್ತೊತ್ತಾಗಿವೆ. ಬಿಚ್ಚಿದ ಮೇಲೆ ಜೋಡಿಸುವ ಧೈರ್ಯ ಇರುವ ಮೆಕ್ಯಾನಿಕ್ ಈ ಕಡೆ ನನಗೆ ಸಿಕ್ಕಿಲ್ಲ. ಕೆ-20 ಹಾಗಲ್ಲ, ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಅದನ್ನು ಬಿಚ್ಚಿ ಎಣ್ಣೆ ಒರೆಸಿ ಮತ್ತೆ ಕೂಡಿಸಬಹುದು. ಇನ್ನೊಂದು, ಒಣ ಹವೆ. ಸಂಕ್ರಾಂತಿ ಆದ ಮೇಲೆ ಧಾರವಾಡದಲ್ಲಿ ತುಟಿ ಒಡೆಯುವ ದಿನಗಳಲ್ಲಿ, ಸ್ಪ್ರಿಂಗ್ ಫಿಲ್ಮನ್ನು ಜೋರಾಗಿ ಎಳೆದಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ನೆಗೆಟಿವ್ ಮೇಲೆ ಸಣ್ಣ ಸಣ್ಣ ಮಿಂಚಿನ ಕವಲುಗಳು. ಮಳೆಗಾಲದಲ್ಲಿ ಒಂದೂ ಇರುವುದಿಲ್ಲ.

ಹ್ಯಾಸಲ್‌ಬ್ಲಾಡ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಆ ಕಂಪನಿಯ ಕ್ಯಾಮೆರಾ ಕತೆ ಶುರುವಾದದ್ದೂ ಯುದ್ಧ ವಿಮಾನದಿಂದಲೇ. ವಿಕ್ಟರ್ ಹ್ಯಾಸಲ್‌ಬ್ಲಾಡ್ 1941ರಲ್ಲಿ ಸ್ವೀಡನ್ ವಾಯುಪಡೆಗೆ ಮಾಡಿಕೊಟ್ಟ ಎಚ್‌ಕೆ-7 ಕೈಯಲ್ಲಿ ಹಿಡಿಯುವ ಏರಿಯಲ್ ಕ್ಯಾಮೆರಾ, 80 ಎಂಎಂ ಅಗಲದ ಫಿಲ್ಮ್, 7×9 ಸೆಂಟಿಮೀಟರ್ ಚಿತ್ರ. 1969ರಲ್ಲಿ ಚಂದ್ರನ ಮೇಲೆ ಹೋದದ್ದೂ 70 ಎಂಎಂ ಫಿಲ್ಮಿನ ಹ್ಯಾಸಲ್‌ಬ್ಲಾಡೇ. ನಮಗೆ ಸಿಗುವ ಎ70 ಬ್ಯಾಕಿನಲ್ಲಿ ಹೆಸರೇ ಹೇಳುವ ಹಾಗೆ ಎಪ್ಪತ್ತು ಚಿತ್ರ. ಹತ್ತಿರದ್ದು, ದೂರದ್ದು, ಗುಡಿಯೊಳಗಿನ ಕತ್ತಲು, ಎಲ್ಲದಕ್ಕೂ ಸೈ. ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆ, ಮಡಿಕೆ ಮಡಿಕೆಯಾಗಿ ನೆರಳು ಬೀಳುವುದನ್ನು ಟ್ರೈಪಾಡ್ ಮೇಲೆ ನಿಧಾನವಾಗಿ ತೆಗೆಯಲು ಇದೇ ಸರಿ. ಬೇಜಾರು ಅಂದರೆ ಎಪ್ಪತ್ತು ಚಿತ್ರ ಮುಗಿಯುವುದೇ ಇಲ್ಲ. ದೀಪಾವಳಿಗೆ ಹಾಕಿದ ಫಿಲ್ಮ್ ಯುಗಾದಿಗೆ ಹೊರಬರುತ್ತದೆ.

ಈಗ ಫಿಲ್ಮ್. ಹಳೆಯ ಕೊಡಾಕ್ ಏರಿಯಲ್ ಫಿಲ್ಮ್ ಹರಾಜಿನಲ್ಲಿ ಸಿಗುತ್ತದೆ, ಅದು ಎಲ್ಲಿ ಎಷ್ಟು ವರ್ಷ ಬಿದ್ದಿತ್ತೋ ದೇವರಿಗೇ ಗೊತ್ತು. ನಾನು ನಂಬುವುದು ಬೆಲ್ಜಿಯಂನ ಆಗ್ಫಾದವರ ಅವಿಫಾಟ್ ಎಂಬ ಕಪ್ಪುಬಿಳುಪು ಫಿಲ್ಮ್. ಇದು ಆಕಾಶದಿಂದ ತೆಗೆಯಲೆಂದೇ ಮಾಡಿದ್ದು, ಮಂಜು ಧೂಳು ದಾಟಿ ಕಾಣಲಿ ಅಂತ ಕೆಂಪು ಬೆಳಕಿಗೆ ಜಾಸ್ತಿ ಸ್ಪಂದಿಸುತ್ತದೆ. ಸುಗ್ಗಿ ಕಾಲದಲ್ಲಿ ಗದಗ ಕಡೆ ಗಾಳಿಯಲ್ಲಿ ಎಷ್ಟು ಧೂಳು ಅಂತ ಗೊತ್ತಲ್ವಾ, ಕಿತ್ತಳೆ ಫಿಲ್ಟರ್ ಹಾಕಿದರೆ ಆ ಧೂಳಿನ ತೆರೆ ಅರ್ಧಕ್ಕರ್ಧ ಸರಿಯುತ್ತದೆ. ಫಿಲ್ಮಿನ ವೇಗ ಡಬ್ಬಿ ಮೇಲೆ 200 ಅಂತಿದ್ದರೂ ನಾನು 80 ಅಂತ ಹಿಡಿಯುತ್ತೇನೆ. ಕೆಂಪು ಫಿಲ್ಟರ್ ಹಾಕಿದರೆ ಕೆ-20ಯಲ್ಲಿ ಉಳಿಯುವುದು 125ಕ್ಕೆ ಎಫ್/4.5 ಮಾತ್ರ. ಪರವಾಗಿಲ್ಲ, ಎಲ್ಲವೂ ದೂರದಲ್ಲೇ ಇದೆಯಲ್ಲ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಂಬ್ಯಾಟ್ ಗ್ರಾಫಿಕ್‌ಗೆ ಕೆಂಪು ಫಿಲ್ಟರ್ ಹಾಕಿ ಮೆಣಸಿನಕಾಯಿ ರಾಶಿ ತೆಗೆದೆ. ನೆಗೆಟಿವ್ ಸ್ಕ್ಯಾನ್ ಮಾಡಿದರೆ ಮೆಣಸಿನಕಾಯಿ ಬೆಳ್ಳಗೆ! ರಾಶಿಯ ಪಕ್ಕ ನಿಂತ ಹಮಾಲರ ಬಿಳಿ ಅಂಗಿಗೂ ಕಾಯಿಗೂ ವ್ಯತ್ಯಾಸವೇ ಇಲ್ಲ. ಅದೇ ರಾಶಿಯನ್ನು ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್‌ರೇ ಫಿಲ್ಮಿನಲ್ಲಿ ತೆಗೆದರೆ ಇದ್ದಿಲು. ಎಕ್ಸ್‌ರೇ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಹಾಗಾಗಿ ಕೆಂಪು ದೀಪದಲ್ಲೇ ಕತ್ತರಿಸಬಹುದು. ಅದೊಂದು ದೊಡ್ಡ ಅನುಕೂಲ. ದೊಡ್ಡ ಶೀಟನ್ನು ಐದೂಕಾಲು ಇಂಚಿನ ಪಟ್ಟಿ ಮಾಡಿ, ಮುಂದೆ ಹಿಂದೆ ಕಪ್ಪು ಕಾಗದ ಅಂಟಿಸಿ ಕೆ-20ಗೆ ಸುತ್ತಿದರೆ ಪಟ್ಟಿಗೆ ಮೂರು ಚಿತ್ರ. ಅಗ್ಗ. ಆದರೆ ಎರಡೂ ಬದಿಗೆ ಲೇಪನ ಇರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಒಂದು ಎಚ್ಚರಿಕೆ, ಈಗ ಬಹಳ ಕಡೆ ಇರುವುದು ಡಿಜಿಟಲ್ ಪ್ರಿಂಟರಿಗೆ ಹಾಕುವ ಡ್ರೈ ಫಿಲ್ಮ್. ಅದು ನಮ್ಮ ಕೆಲಸಕ್ಕೆ ಬಾರದು, ಕೇಳಿ ತೆಗೆದುಕೊಳ್ಳಿ.

ಅವಿಫಾಟ್‌ನ ಹಾಳೆ ಪಾಲಿಯೆಸ್ಟರ್. ಎಳೆದರೆ ಹರಿಯುವುದಿಲ್ಲ. ಒಳ್ಳೆಯದೇ ಅನಿಸುತ್ತದೆ, ಆದರೆ ಎಲ್ಲಾದರೂ ಸಿಕ್ಕಿಕೊಂಡರೆ ಹರಿಯುವ ಬದಲು ಕ್ಯಾಮೆರಾದ ಗೇರನ್ನೇ ಮುರಿಯುತ್ತದೆ. ಸ್ಪ್ರಿಂಗ್ ಮೋಟರಿನವರು ಇದನ್ನು ನೆನಪಿಡಬೇಕು. ಜೊತೆಗೆ ತುದಿಗೆ ಬಿದ್ದ ಬೆಳಕು ಹಾಳೆಯೊಳಗೇ ಹರಿದು ಒಳಗಿನ ಸುತ್ತುಗಳಿಗೂ ಹೋಗುತ್ತದೆ. 70 ಎಂಎಂ ಕ್ಯಾಸೆಟ್ಟನ್ನು ಹೊರಗಿನ ಬಿಸಿಲಲ್ಲಿ ಹಾಕಬೇಡಿ, ಕಾರಿನೊಳಗೆ ಟವೆಲ್ ಮುಚ್ಚಿಕೊಂಡಾದರೂ ಹಾಕಿ.

ತೊಳೆಯುವ ಕೆಲಸದಲ್ಲೇ ನಿಜವಾದ ಹೋಲಿಕೆ ಇರುವುದು. 70 ಎಂಎಂಗೆ ಹದಿನೈದು ಅಡಿ ಹಿಡಿಯುವ ಸ್ಟೀಲ್ ರೀಲ್ ಇದೆ. ಕತ್ತಲಲ್ಲಿ ಸುತ್ತುವುದು ಮೊದಮೊದಲು ಹೈರಾಣ, ಕೈಗೆ ಬಂದ ಮೇಲೆ ಸಲೀಸು. ಐದು ಇಂಚಿನ ಫಿಲ್ಮಿಗೆ ಸೈನ್ಯದವರು ಒಂದು ಸ್ಪೂಲಿನಿಂದ ಇನ್ನೊಂದಕ್ಕೆ ಕೈಯಲ್ಲಿ ತಿರುಗಿಸುತ್ತ ತೊಳೆಯುವ ಟ್ಯಾಂಕ್ ಬಳಸುತ್ತಿದ್ದರು. ಅದು ಸಿಕ್ಕರೂ ನೀರು ಕುಡಿಯುವ ಹಾಗೆ ಕೆಮಿಕಲ್ ಕುಡಿಯುತ್ತದೆ. ನಾನು ಆರು ಇಂಚಿನ ಪಿವಿಸಿ ಪೈಪ್ ಬಳಸುತ್ತೇನೆ. ಕೆ-20ಯ ನಾಲ್ಕು ಚಿತ್ರದ ತುಂಡು, ನಲವತ್ತೈದು ಸೆಂಟಿಮೀಟರಿನಷ್ಟು, ಪೈಪಿನ ಒಳಗೋಡೆಗೆ ಸರಿಯಾಗಿ ಒಂದು ಸುತ್ತು ಕೂರುತ್ತದೆ. ಎರಡೂ ಕಡೆ ಮುಚ್ಚಳ ಹಾಕಿ ಉರುಳಿಸುವುದು. ಡೆವಲಪರ್ ಸ್ವಲ್ಪವೇ ಸಾಕು. ಆದರೆ ಐವತ್ತು ಚಿತ್ರದ ರೋಲ್ ಹೀಗೆ ತೊಳೆಯಲು ಕೂತರೆ ಭಾನುವಾರ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನಾನು ಪೂರ್ತಿ ರೋಲ್ ಹಾಕುವುದನ್ನೇ ಬಿಟ್ಟೆ. ಎಂಟು ಚಿತ್ರಕ್ಕೆ ಸಾಕಾಗುವಷ್ಟು ಕತ್ತರಿಸಿ ಸ್ಪೂಲಿಗೆ ಸುತ್ತುತ್ತೇನೆ.

ಇನ್ನು ನೀರು. ಅವಳಿ ನಗರದಲ್ಲಿ ನಲ್ಲಿ ನೀರು ಬರುವ ದಿನ ಲೆಕ್ಕ ಹಾಕಿ ಬದುಕುವವರಿಗೆ ನಲ್ಲಿ ಬಿಟ್ಟು ಅರ್ಧ ಗಂಟೆ ಫಿಲ್ಮ್ ತೊಳೆಯಿರಿ ಅಂದರೆ ಮನೆಯವರು ಹೊರಗೆ ಹಾಕುತ್ತಾರೆ. ಹರಿಯುವ ನೀರು ಬೇಕಿಲ್ಲ. ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಫಿಲ್ಮ್ ಕಂಪನಿ ಇಲ್ಫರ್ಡಿನವರು ಹೇಳಿದ ಈ ಕ್ರಮ ನಮಗೇ ಹೇಳಿ ಮಾಡಿಸಿದ್ದು. ಏಪ್ರಿಲ್ ಮೇನಲ್ಲಿ ತಾರಸಿ ಟ್ಯಾಂಕಿನ ನೀರು ಮುಟ್ಟಿದರೆ ಸ್ನಾನಕ್ಕಾಗುವಷ್ಟು ಬಿಸಿ. ಆಗ ಹಿಂದಿನ ದಿನ ಕೊಡಕ್ಕೆ ತುಂಬಿ, ಬೆಳಗಿನ ಜಾವ ಐಸ್ ಹಾಕಿ ಕೆಲಸ ಮುಗಿಸಬೇಕು. ಈ ಲೆಕ್ಕದಲ್ಲಿ 70 ಎಂಎಂ ಸುಲಭವಾಗಿ ಗೆಲ್ಲುತ್ತದೆ. ಒಂದು ಟ್ಯಾಂಕಿನಲ್ಲಿ ಐವತ್ತು ಚಿತ್ರ, ಅದೇ ನೀರಿನಲ್ಲಿ ಕೆ-20ಗೆ ನಾಲ್ಕೋ ಎಂಟೋ.

ಆದರೂ ಕೆ-20 ಮಾರುವುದಿಲ್ಲ. 4×5 ನೆಗೆಟಿವ್ ಹಿಗ್ಗಿಸದೆ ಕಾಗದದ ಮೇಲೆ ನೇರವಾಗಿ ಇಟ್ಟು ತೆಗೆದ ಪ್ರಿಂಟ್ ಕೈಯಲ್ಲಿ ಹಿಡಿದವರಿಗೆ ಯಾಕೆ ಅಂತ ಗೊತ್ತು.

ಗೆಳೆಯನೊಬ್ಬನ ಹತ್ತಿರ ಏರೋ ಎಕ್ಟಾರ್ ಲೆನ್ಸ್ ಇದೆ, 178 ಎಂಎಂ ಎಫ್/2.5, ಕೆ-24 ಎಂಬ ಇನ್ನೊಂದು ವಿಮಾನದ ಕ್ಯಾಮೆರಾದಲ್ಲಿ ಬರುತ್ತಿದ್ದದ್ದು. ಗಾಜಿನಲ್ಲಿ ಥೋರಿಯಂ ಇರುವುದರಿಂದ ವರ್ಷ ಕಳೆದಂತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಅತಿನೇರಳೆ ಬೆಳಕು ಬಿದ್ದರೆ ಮತ್ತೆ ತಿಳಿಯಾಗುತ್ತದೆ, ನಮ್ಮ ಬೇಸಿಗೆ ಬಿಸಿಲು ಧಾರಾಳ ಸಾಕು. ಆದರೆ ಹಿಂದಿನ ಗಾಜಿನಿಂದ ಸ್ವಲ್ಪ ವಿಕಿರಣ ಬರುವುದು ನಿಜ, ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವ ವಸ್ತು ಅಲ್ಲ.

ಕೊಳ್ಳುವವರಿಗೆ ಒಂದು ಮಾತು. ಮಾರುವವರನ್ನು ಲೆನ್ಸ್ ಹೇಗಿದೆ ಅಂತ ಕೇಳುವ ಮೊದಲು ಖಾಲಿ ಸ್ಪೂಲ್ ಇದೆಯಾ, 70 ಎಂಎಂ ಆದರೆ ಎರಡು ಕ್ಯಾಸೆಟ್ ಇವೆಯಾ ಅಂತ ಕೇಳಿ. ಕ್ಯಾಮೆರಾ ಸಿಗುತ್ತವೆ, ಇವು ಸಿಗುವುದಿಲ್ಲ. ಕೆ-20ಯ ಸ್ಪೂಲಾದರೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಿ ಲೇತ್ ಇರುವ ಯಾರಾದರೂ ಅಲ್ಯೂಮಿನಿಯಂನಲ್ಲಿ ಮಾಡಿಕೊಡುತ್ತಾರೆ, ನನ್ನ ಎರಡನೇ ಸ್ಪೂಲ್ ಅಲ್ಲಿಯದೇ. ಕ್ಯಾಸೆಟ್ ಮಾತ್ರ ಹಾಗೆ ಮಾಡಿಸಲು ಆಗುವುದಿಲ್ಲ, ಬೆಳಕು ಸೋರುತ್ತದೆ.