ಹಿತ್ತಿಲ ಮಾದರಿ ರೈಲಿನ ಕಟ್ಟಡಗಳು: ಗೋವಾದ ಮಳೆಗೆ ಯಾವುದು ತಾಳುತ್ತದೆ?

ವಾಸ್ಕೋದ ನಮ್ಮ ಹಿತ್ತಿಲಲ್ಲಿರುವುದು ಕ್ಯಾಸಲ್ ರಾಕ್‌ನಿಂದ ಕುಲೆಂಗೆ ಇಳಿಯುವ ಘಾಟಿಯ ಹಳೆಯ ಮೀಟರ್ ಗೇಜ್ ದಾರಿಯ ಮಾದರಿ. ಎರಡು ಹಳಿಗಳ ನಡುವೆ 45 ಮಿ.ಮೀ., ಅಳತೆ 1:22.5, ಅಂದರೆ ನಿಜದ್ದರ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು. ಸೇತುವೆ, ಸುರಂಗದ ಬಾಯಿ, ಸ್ಟೇಷನ್ನು ಎಲ್ಲವೂ ಮಳೆಗಾಲವಿಡೀ ಹೊರಗೇ ನಿಲ್ಲಬೇಕು. ಅದಕ್ಕೆಂದೇ ನಾಲ್ಕು ಬಗೆಯ ಸಾಮಗ್ರಿ ಕೆತ್ತಿ ನೋಡಿದೆ.

ಕಲ್ಲುಗಾರೆಯಂತೆ ಕಾಣಬೇಕಾದ್ದಕ್ಕೆಲ್ಲ ನನ್ನ ಆಯ್ಕೆ ಎಎಸಿ ಬ್ಲಾಕು, ಅಂದರೆ ಗೋಡೆ ಕಟ್ಟಲು ಬಳಸುವ ಹಗುರ ಕಾಂಕ್ರೀಟಿನ ಇಟ್ಟಿಗೆ. ಝುವಾರಿನಗರದಲ್ಲಿ ಕೆಲಸ ಮಾಡುವ ನಮ್ಮ ಕೊಪ್ಪಳ, ವಿಜಯಪುರದ ಕಡೆಯ ಗೌಂಡಿಗಳನ್ನು ಕೇಳಿದರೆ ಒಡೆದ ತುಂಡುಗಳು ಪುಕ್ಕಟೆ ಸಿಗುತ್ತವೆ. ತಯಾರಿಸುವಾಗ ಅಲ್ಯೂಮಿನಿಯಂ ಪುಡಿ ಹಾಕಿ ಉಬ್ಬಿಸುವುದರಿಂದ ಒಳಗೆಲ್ಲ ಗಾಳಿಗುಳ್ಳೆ. ಮರದ ಗರಗಸಕ್ಕೇ ಕೊಯ್ಯಲು ಬರುತ್ತದೆ, ಹಳೆಯ ಸ್ಕ್ರೂಡ್ರೈವರಿನಿಂದ ಕಲ್ಲಿನ ಸಾಲು ಗೀರಬಹುದು. ನೀರು ಕುಡಿಯುತ್ತದೆ, ನಿಜ. ಚಳಿ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳುತ್ತದೆ. ನಮಗೆ ಆ ಭಯವಿಲ್ಲ. ಇಲ್ಲಿ ಬರುವುದು ಪಾಚಿ. ಘಾಟಿಯ ನಿಜವಾದ ಗೋಡೆಗಳೂ ಹಾಗೇ ಹಸಿರುಗಟ್ಟಿರುವುದರಿಂದ ನಾನು ಅದನ್ನು ಕೆರೆಯುವುದಿಲ್ಲ. ಬುಡ ಮಾತ್ರ ನೀರಲ್ಲಿ ನಿಲ್ಲದಂತೆ ಕೆಳಗೊಂದು ಕಡಪ ಕಲ್ಲು ಹಾಸಿ. ದೂಳಿನಲ್ಲಿ ಸಿಲಿಕಾ ಇರುತ್ತದೆ. ಬ್ಲಾಕು ನೆನೆಸಿ, ಮಾಸ್ಕ್ ಕಟ್ಟಿಕೊಂಡೇ ಕೆತ್ತಿ. ಕಿಟಕಿಯ ಚೌಕಟ್ಟು, ಸಣ್ಣ ಕಂಬ ಇದರಲ್ಲಿ ಆಗದು, ಅಂಚು ಉದುರುತ್ತದೆ.

ಅಂಥ ನಾಜೂಕು ಕೆಲಸಕ್ಕೆ ಪಿವಿಸಿ ಫೋಮ್ ಬೋರ್ಡು ಎಂಬ ಹಗುರ ಪ್ಲಾಸ್ಟಿಕ್ ಹಲಗೆ. ನೀರು ಹೀರದು, ಗೆದ್ದಲು ಮುಟ್ಟದು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿದರೆ ಹಲಗೆಯ ಗೆರೆ ಚೆನ್ನಾಗಿ ಮೂಡುತ್ತದೆ. ಇದಕ್ಕೆ ಮಳೆಗಿಂತ ಏಪ್ರಿಲ್–ಮೇ ತಿಂಗಳ ಬಿಸಿಲೇ ಕಷ್ಟ. ಕಡುಬಣ್ಣ ಬಳಿದ ಚಾವಣಿ ಕಾದು ಮೆತ್ತಗಾಗಿ ಬಾಗುತ್ತದೆ. ಒಳಗೆ ಅಡ್ಡಪಟ್ಟಿ ಕೊಡಿ, ತಿಳಿಬಣ್ಣವನ್ನೇ ಬಳಿಯಿರಿ.

ಎಕ್ಸ್‌ಪಿಎಸ್ ಫೋಮು (ಥರ್ಮಕೋಲಿನಂಥದ್ದೇ, ತುಸು ಗಟ್ಟಿ) ಕೆತ್ತಲು ಎಲ್ಲಕ್ಕಿಂತ ಸುಲಭ, ಆದರೂ ಬೇಡ ಎನ್ನುತ್ತೇನೆ. ಇರುವೆ ಕೊರೆದು ಗೂಡು ಮಾಡುತ್ತವೆ, ಬಿಸಿಲಿಗೆ ಮೈ ಹಳದಿ ಪುಡಿಯಾಗುತ್ತದೆ, ಸ್ಪ್ರೇ ಬಣ್ಣ ತಗುಲಿದರೆ ಕರಗುತ್ತದೆ. ಸಿಮೆಂಟು ಮೆತ್ತಿದರೆ ಉಳಿದೀತು. ಆದರೆ ಕೆತ್ತಿದ ಗೆರೆಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

ಜಂಬಿಟ್ಟಿಗೆಯ ಮೇಲೆ ನನಗೆ ಬಲು ಆಸೆಯಿತ್ತು. ಆಗಷ್ಟೇ ಗಣಿಯಿಂದ ತೆಗೆದದ್ದು ಮೆದು, ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಈ ಅಳತೆಯಲ್ಲಿ ಅದರ ಒಂದೊಂದು ರಂಧ್ರವೂ ಗುಹೆಯಷ್ಟು ಕಾಣುತ್ತದೆ. ಹಳಿಯ ಪಕ್ಕದ ಬಂಡೆಗೋಡೆಗೆ ಮಾತ್ರ ಬಳಸಿದ್ದೇನೆ.

ನನ್ನ ಕಮಾನು ಸೇತುವೆಯ ಮೈ ಎಎಸಿ, ಮೇಲಿನ ಕಟಕಟೆ ಪಿವಿಸಿ. ಬಿಸಿಲಿಗೆ ಪಿವಿಸಿ ಹಿಗ್ಗುವಷ್ಟು ಬ್ಲಾಕು ಹಿಗ್ಗುವುದಿಲ್ಲ, ಅಂಟಿಸಿದರೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಕಟಕಟೆಯ ತೂತುಗಳನ್ನು ತುಸು ಉದ್ದುದ್ದ ಕೊರೆದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ದೇನೆ, ಪೂರ್ತಿ ಬಿಗಿಯದೆ.