ಲಾರಿ ಡ್ರೈವರ್‌ಗಳಿಗೆ ಸಿಮ್ಯುಲೇಟರ್ ತರಬೇತಿ: ದುಡ್ಡು ಕಟ್ಟಬಹುದಾ?

ಕಟ್ಟಬಹುದು, ಆದರೆ ಹೇಳಿಕೊಡುವ ಮೇಷ್ಟ್ರು ಒಳ್ಳೆಯವರಿದ್ದರೆ ಮಾತ್ರ. ದಾವಣಗೆರೆ ಬೈಪಾಸ್ ಹತ್ತಿರದ ಒಂದು ತರಬೇತಿ ಕೇಂದ್ರಕ್ಕೆ ನಮ್ಮ ಲಾರಿ ಡ್ರೈವರ್‌ಗಳನ್ನು ಕಳಿಸಿದ್ದೆ. ನಾನೂ ಕೂತು ಓಡಿಸಿ ನೋಡಿದೆ.

ಸಿಮ್ಯುಲೇಟರ್ ಅಂದರೆ ಕೂತಲ್ಲೇ ಲಾರಿ ಓಡಿಸಿದ ಅನುಭವ ಕೊಡುವ ಯಂತ್ರ. ಸೀಟು, ಸ್ಟೇರಿಂಗ್, ಗೇರು, ಪೆಡಲ್ ಎಲ್ಲಾ ಲಾರಿಯಲ್ಲಿದ್ದ ಹಾಗೇ ಇವೆ. ಎದುರಿಗೆ ಮೂರು ದೊಡ್ಡ ಪರದೆ.

ನನಗೆ ತುಂಬಾ ಹಿಡಿಸಿದ್ದು ಘಾಟಿ ಇಳಿಯುವ ಪಾಠ. ಡೀಸೆಲ್ ಉಳಿಯುತ್ತದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಚಾಳಿ ನಮ್ಮ ಕಡೆ ಜಾಸ್ತಿ, ಅಲ್ವಾ? ಎಷ್ಟು ಬೈದರೂ ಬಿಡುವುದಿಲ್ಲ. ಮೇಷ್ಟ್ರು ಬೈಯಲೇ ಇಲ್ಲ, "ಹಂಗೇ ಬಿಡಣ್ಣ, ನೋಡೋಣ" ಅಂದರು. ಇಂಜಿನ್ ಹಿಡಿತ ಇಲ್ಲದ ಮೇಲೆ ಲೋಡಿನ ಭಾರವೆಲ್ಲ ಬ್ರೇಕ್ ಮೇಲೇ ಬಿತ್ತು, ಬ್ರೇಕಿನ ಡ್ರಮ್ ಕಾದು ಆಮೇಲೆ ಎಷ್ಟು ತುಳಿದರೂ ಗಾಡಿ ನಿಲ್ಲಲಿಲ್ಲ. ನಮ್ಮ ಹಿರಿಯ ಡ್ರೈವರ್ ಬೆವೆತುಹೋದರು. ಮತ್ತೆ ಅದೇ ಇಳಿಜಾರನ್ನು, ಮೇಲೇ ಸೆಕೆಂಡ್ ಗೇರಿಗೆ ತಂದು, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆಯನ್ನು ತಡೆದು ಗಾಡಿಯ ವೇಗ ತಗ್ಗಿಸುವ ಬ್ರೇಕ್) ಹಾಕಿಕೊಂಡು ನಿಧಾನಕ್ಕೆ ಇಳಿದರು. ಇದನ್ನು ನಿಜವಾದ ಘಾಟಿಯಲ್ಲಿ ಕಲಿಸೋಕೆ ಆಗುತ್ತಾ?

ಮುಂದಿನ ಟೈರ್ ಒಡೆದಾಗ ಗಾಬರಿಯಲ್ಲಿ ಬ್ರೇಕ್ ತುಳಿಯದೆ ಸ್ಟೇರಿಂಗ್ ಗಟ್ಟಿ ಹಿಡಿಯುವುದು, ಮಂಜಿನಲ್ಲಿ ಓಡಿಸುವುದು ಇವೂ ಇದ್ದವು. ರಾತ್ರಿ ಹೆದ್ದಾರಿ ಅಂಚಿನಲ್ಲಿ ಲೈಟಿಲ್ಲದೆ ನಿಂತ ಲಾರಿಯ ಪಾಠವಂತೂ ಚಿತ್ರದುರ್ಗದ ಕಡೆ ಓಡಾಡುವ ಎಲ್ಲರಿಗೂ ಬೇಕು. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಎಷ್ಟು ದೂರ ಸಾಗಿದ್ದೆವು ಅಂತ ಪರದೆ ಮೇಲೆ ವಾಪಸ್ ಓಡಿಸಿ ತೋರಿಸಿದರು.

ಈಗ ಬೇಜಾರಿನ ವಿಷಯ. ಇನ್ನೊಂದು ಬ್ಯಾಚಿಗೆ ಬಂದ ಮೇಷ್ಟ್ರು ಸುಮ್ನೆ ಮೊಬೈಲ್ ನೋಡಿಕೊಂಡು ಕೂತಿದ್ದರು. ಹುಡುಗರು ವಿಡಿಯೋ ಗೇಮ್ ಆಡಿದ ಹಾಗೆ ಆಡಿ ಎದ್ದು ಬಂದರು, ಏನೂ ಕಲಿಯಲಿಲ್ಲ. ಕೆಲವರಿಗೆ ತಲೆ ಸುತ್ತಿ ವಾಂತಿ ಬರುವ ಹಾಗಾಯಿತು. ಕಣ್ಣಿಗೆ ಗಾಡಿ ಓಡಿದ ಹಾಗೆ ಕಂಡರೂ ಮೈ ಕೂತಲ್ಲೇ ಇರುತ್ತದೆ, ಅದಕ್ಕೇ ಹೀಗಾಗುತ್ತದೆ. ನಡುನಡುವೆ ಎಬ್ಬಿಸಿ ಬಿಡುವು ಕೊಡಬೇಕಿತ್ತು, ಕೊಡಲಿಲ್ಲ. ರಿವರ್ಸ್ ಪಾಠವೂ ಸಪ್ಪೆ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಲೋಡ್ ಹಿಂದಕ್ಕೆ ತೆಗೆಯುವ ಅಂದಾಜು ಪರದೆ ನೋಡಿ ಬರುವುದಿಲ್ಲ, ಅದಕ್ಕೆ ಲಾರಿಯೇ ಬೇಕು.

2021ರ ಕೇಂದ್ರ ಸರ್ಕಾರದ ನಿಯಮದಂತೆ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್, ಟ್ರ್ಯಾಕ್ ಎರಡೂ ಇರಬೇಕು, ಭಾರಿ ವಾಹನದ ಕೋರ್ಸ್ 38 ಗಂಟೆ. ಅದರಲ್ಲಿ ನಿಜವಾದ ಲಾರಿ ಮೇಲೆ ಎಷ್ಟು ಗಂಟೆ ಅಂತ ಮೊದಲೇ ಕೇಳಿ. ಫೀಸು ಕಟ್ಟುವ ಮುಂಚೆ ಒಂದು ಪಾಠವನ್ನು ಪಕ್ಕದಲ್ಲೇ ನಿಂತು ನೋಡಿ, ಮೇಷ್ಟ್ರು ತಪ್ಪನ್ನು ವಾಪಸ್ ಓಡಿಸಿ ತೋರಿಸದಿದ್ದರೆ ಬೇರೆ ಕಡೆ ಹೋಗಿ.