ಅಪರೂಪಕ್ಕೆ ಪ್ರಿಂಟ್ ತೆಗೆಯುವ ಮನೆಗೆ: ಕಾರ್ಟ್ರಿಜ್, ಇಂಕ್ ಟ್ಯಾಂಕ್, ಲೇಸರ್

ಪಹಣಿ, ಆಧಾರ್ ಪ್ರತಿ, ಮಕ್ಕಳ ಪ್ರಾಜೆಕ್ಟ್ ಎಂದು ತಿಂಗಳಿಗೆ ಹತ್ತಿಪ್ಪತ್ತು ಪುಟ ತೆಗೆಯುವವರಿಗೆ ಪುಟದ ಖರ್ಚಿಗಿಂತ ಶಾಯಿ ಒಣಗುವುದೇ ದೊಡ್ಡ ಸಮಸ್ಯೆ.

ಕಾರ್ಟ್ರಿಜ್ ಪ್ರಿಂಟರ್ ಅಗ್ಗ, ಪುಟ ದುಬಾರಿ. ಸಣ್ಣ ಕಾರ್ಟ್ರಿಜ್ ನೂರಿನ್ನೂರು ಪುಟಕ್ಕೇ ಮುಗಿಯುತ್ತದೆ. ಆದರೆ ಎಚ್‌ಪಿ, ಕ್ಯಾನನ್‌ನ ಅನೇಕ ಅಗ್ಗದ ಮಾದರಿಗಳಲ್ಲಿ ಹೆಡ್, ಅಂದರೆ ಕಾಗದಕ್ಕೆ ಶಾಯಿ ಚಿಮ್ಮಿಸುವ ಭಾಗ, ಕಾರ್ಟ್ರಿಜ್‌ನಲ್ಲೇ ಇರುತ್ತದೆ. ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಿಸಿ, ಹೊಸ ಹೆಡ್ ಸಿಕ್ಕಂತೆಯೇ.

ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್‌ನಲ್ಲಿ ಲೆಕ್ಕ ತಿರುಗುಮುರುಗು. ಎಪ್ಸನ್ 003 ಕಪ್ಪು ಬಾಟಲಿ 65 ಮಿ.ಲೀ., ಕಂಪನಿ ಹೇಳುವಂತೆ ಸುಮಾರು 4,500 ಪುಟ. ಆದರೆ ಎಪ್ಸನ್‌ನಲ್ಲಿ ಹೆಡ್ ಯಂತ್ರದಲ್ಲೇ ಕೂತಿರುತ್ತದೆ. ಒಣಗಿದರೆ ರಿಪೇರಿ ದುಬಾರಿ. ವಾರಕ್ಕೊಮ್ಮೆ ನಾಲ್ಕೂ ಬಣ್ಣವಿರುವ ಒಂದು ಪುಟ ತೆಗೆಯಿರಿ. ಗೆರೆ ಬಂದರೆ ನಾಜಲ್ ಚೆಕ್ (ಹೆಡ್‌ನ ರಂಧ್ರ ಕಟ್ಟಿದೆಯೇ ಎಂದು ತೋರಿಸುವ ಪರೀಕ್ಷಾ ಪುಟ) ಮಾಡಿ, ಎರಡು ಸಲ ಹೆಡ್ ಕ್ಲೀನಿಂಗ್ ಕೊಟ್ಟು, ಸರಿಯಾಗದಿದ್ದರೆ ಒಂದು ರಾತ್ರಿ ಬಿಡಿ. ಮತ್ತೆ ಮತ್ತೆ ಕ್ಲೀನಿಂಗ್ ಮಾಡಿದರೆ ಶಾಯಿ ಪೋಲು, ಆ ಶಾಯಿಯನ್ನು ಹೀರುವ ವೇಸ್ಟ್ ಪ್ಯಾಡ್ ಬೇಗ ತುಂಬುತ್ತದೆ.

ಕಾರ್ಟ್ರಿಜ್ ಇರಲಿ, ಟ್ಯಾಂಕ್ ಇರಲಿ, ಪ್ರಿಂಟರಿನ ಬಟನ್‌ನಿಂದಲೇ ಆಫ್ ಮಾಡಿ, ಆಗ ಹೆಡ್ ಮುಚ್ಚಳದಡಿ ಹೋಗಿ ಕೂರುತ್ತದೆ. ನೇರವಾಗಿ ಗೋಡೆಯ ಸ್ವಿಚ್ ತೆಗೆದರೆ ಹೆಡ್ ತೆರೆದೇ ಉಳಿದೀತು.

ಬಣ್ಣ ಬೇಡವೆಂದರೆ ಕಪ್ಪುಬಿಳುಪು ಲೇಸರ್ ನೆಮ್ಮದಿ. ಟೋನರ್ ಪುಡಿ, ಒಣಗುವ ಮಾತಿಲ್ಲ. ಸಣ್ಣ ಇನ್ವರ್ಟರ್‌ಗೆ ಮಾತ್ರ ಹಾಕಬೇಡಿ, ಬಿಸಿಯಾಗುವಾಗ ಬಹಳ ಕರೆಂಟ್ ಎಳೆಯುತ್ತದೆ.

ಕಾರವಾರವಿರಲಿ, ಶಿರಸಿಯಿರಲಿ, ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳಿಯಾಗಿ ಜಾಮ್ ಆಗುತ್ತದೆ. ಟ್ರೇಯಲ್ಲಿ ಹತ್ತು ಹಾಳೆ ಸಾಕು. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ.

ವಾರಕ್ಕೊಂದು ಪುಟದ ಶಿಸ್ತಿದ್ದರೆ ಟ್ಯಾಂಕ್, ಇಲ್ಲದಿದ್ದರೆ ಲೇಸರ್. ವರ್ಷಕ್ಕೆ ಐವತ್ತು ಪುಟವೂ ಆಗದಿದ್ದರೆ ಪೇಟೆಯ ಝೆರಾಕ್ಸ್ ಅಂಗಡಿಯೇ ಅಗ್ಗ.